ಗೀಟು ಹೋಗಿ ಗೋಡೆ ಬಂತು

ಜೂನ್ 1ಕ್ಕೆ ನಮ್ಮ ಕಾರವಾರದ ಬೈತಖೋಲ ಬಂದರು ಬಾಯಿ ಮುಚ್ಚಿಕೊಳ್ಳುತ್ತದೆ. ಜುಲೈ 31ರ ತನಕ, ಎಣಿಸಿ 61 ದಿನ, ಯಾಂತ್ರಿಕ ಬೋಟುಗಳಿಗೆ ಕಡಲು ಬಂದ್. ಟ್ರಾಲರುಗಳು ಒಂದಕ್ಕೊಂದು ಹೆಗಲು ಕೊಟ್ಟು ಮಳೆಯಲ್ಲಿ ನೆನೆಯುತ್ತವೆ. ಶೆಡ್ಡಿನಡಿ ಬಲೆ ರಿಪೇರಿ ನಡೆಯುತ್ತದೆ. ಆ ಮಳೆಯಲ್ಲಿ ಯಾರೂ ಪಾಯ ತೋಡಿಸುವುದಿಲ್ಲವಾದ್ದರಿಂದ, ಮನೆಯ ನಕ್ಷೆ ಬರೆದು ಹೊಟ್ಟೆ ಹೊರೆಯುವ ನನಗೂ ಅದೇ ರಜೆ. ಕಳೆದ ವರ್ಷದ ರಜೆಯನ್ನು ನನ್ನ ತಂಗಿಯ ಮಗಳು ತಿಂದುಹಾಕಿದಳು.

ಅವಳು ಬೆಂಗಳೂರಿನಲ್ಲಿ ಕೂತು ದುಬೈಯ ಕಟ್ಟಡಗಳಿಗೆ ಮಾಡೆಲ್ ಮಾಡುವವಳು. ಮನೆಯಿಂದಲೇ ಕೆಲಸ ಎಂದು ಲ್ಯಾಪ್‌ಟಾಪ್ ಹಿಡಿದು ಬಂದವಳು ನನ್ನ ಪರದೆಯನ್ನು ಇಣುಕಿ, "ಮಾಮಾ, ಇನ್ನೂ ಆಟೋಕ್ಯಾಡಾ?" ಎಂದಳು. ಇನ್ನೂ ಸೀಮೆಎಣ್ಣೆ ಬುಡ್ಡಿಯಾ ಎಂದು ಕೇಳಿದ ಹಾಗಿತ್ತು ಆ ಧ್ವನಿ. ಮರುದಿನವೇ ಅವಳು ಮಾಡೆಲ್ ಮಾಡುವ ರೆವಿಟ್ ಎಂಬ ಸಾಫ್ಟ್‌ವೇರಿನ ಪಾಠ ಶುರುವಾಯಿತು.

ಇದು ನನ್ನ ಎರಡನೆಯ ವಲಸೆ. ಮೊದಲನೆಯದು ಬೋರ್ಡು, ಟೀ-ಸ್ಕ್ವೇರು ಬಿಟ್ಟು ಕಂಪ್ಯೂಟರಿಗೆ ಬಂದದ್ದು. ಟ್ರೇಸಿಂಗ್ ಪೇಪರಿನ ಮೇಲೆ ಇಂಕಿನ ಗೀಟು ತಪ್ಪಿದರೆ ಅರ್ಧ ಬ್ಲೇಡು ಹಿಡಿದು ಉಸಿರು ಬಿಗಿಹಿಡಿದು ಕೆರೆಯಬೇಕಿತ್ತು. ಒಂದು ಕೆರೆತ ಹೆಚ್ಚಾದರೆ ದೇವರಕೋಣೆಗೆ ತೂತು. ಮಳೆಗಾಲದಲ್ಲಿ ಹಾಳೆ ಕಾರವಾರದ ಗಾಳಿ ಕುಡಿದು ಕರಿದ ಹಪ್ಪಳದಂತೆ ಏಳುತ್ತಿತ್ತು. ಪ್ರಿಂಟ್ ತೆಗೆಸಿಕೊಂಡು ಬರುವಾಗ ಮೈಯೆಲ್ಲ ಅಮೋನಿಯದ ಘಾಟು. ಒಣಮೀನಿನ ಬುಟ್ಟಿ ಇಟ್ಟುಕೊಂಡು ನಿಶ್ಚಿಂತೆಯಾಗಿ ಕೂತ ಹೆಂಗಸರು ಕೂಡ ಬಸ್ಸಿನಲ್ಲಿ ನನ್ನ ಪಕ್ಕದಿಂದ ಎದ್ದು ಹೋಗುತ್ತಿದ್ದರು.

1982ರಲ್ಲಿ ಹುಟ್ಟಿದ ಆಟೋಕ್ಯಾಡ್ ನಮ್ಮೂರಿಗೆ ಬಂದಾಗ ಬ್ಲೇಡು ಹೋಯಿತು, ಘಾಟು ಹೋಯಿತು, ಆದರೆ ಗೀಟು ಉಳಿಯಿತು. ಬೋರ್ಡನ್ನೇ ಎತ್ತಿ ಪರದೆಯೊಳಗೆ ಇಟ್ಟಂತೆ ಅಷ್ಟೆ. ಎಲ್ ಒತ್ತು, ಸ್ಪೇಸ್ ಬಾರ್ ಒತ್ತು, ಗೀಟೆಳೆ. 9 ಇಂಚು ಬಿಟ್ಟು ಇನ್ನೊಂದು ಗೀಟೆಳೆದರೆ ಅದು ಗೋಡೆ. ಗೋಡೆ ಎಂಬುದು ನನಗೆ ಗೊತ್ತು, ಮೇಸ್ತ್ರಿಗೆ ಗೊತ್ತು. ಕಂಪ್ಯೂಟರಿಗೆ ಗೊತ್ತಿರಬೇಕಾದ ಅಗತ್ಯವನ್ನು ಯಾರೂ ಕಂಡಿರಲಿಲ್ಲ.

ರೆವಿಟ್‌ನಲ್ಲೂ ನಾನು ಮೂರು ದಿನ ಗೀಟು ಹುಡುಕಿ ಹುಡುಕಿ ಎಳೆದೆ. ಮನೆ ಮುಗಿಯಿತು ಎಂದು ತೋರಿಸಿದರೆ ಅವಳು ಅದನ್ನು ಗಿರ್ರನೆ ತಿರುಗಿಸಿ ಓರೆಯಾಗಿ ಹಿಡಿದಳು. ಮನೆಯಿಡೀ ರಂಗೋಲಿಯಂತೆ ನೆಲಕ್ಕೆ ಅಂಟಿಕೊಂಡಿತ್ತು. "ಮಾಮಾ, ಇದು ಗೋಡೆಯಲ್ಲ, ಗೀಟು."

ಅಲ್ಲಿ ಗೋಡೆ ಬೇಕೆಂದರೆ ಗೋಡೆಯನ್ನೇ ಕಟ್ಟಬೇಕು. ಕಟ್ಟುವ ಮುಂಚೆ ನೂರು ಪ್ರಶ್ನೆ. ಚಿರೆಕಲ್ಲೋ ಕಾಂಕ್ರೀಟ್ ಬ್ಲಾಕೋ? ಗಿಲಾಯ ಎಷ್ಟು ದಪ್ಪ? ಎಲ್ಲಿಂದ ಎದ್ದು ಎಲ್ಲಿಗೆ ಮುಟ್ಟಬೇಕು? ಹೊರಮೈ ಯಾವುದು, ಒಳಮೈ ಯಾವುದು? ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ. ಇದರ ಮೇಲೆ ನನ್ನ ಹೆಬ್ಬೆರಳಿನ ಕಾಟ. ಆಟೋಕ್ಯಾಡ್‌ನಲ್ಲಿ ಮಾತುಮಾತಿಗೂ ಸ್ಪೇಸ್ ಬಾರ್ ಒತ್ತಿ ಪಳಗಿದ ಬೆರಳು ಅದು. ಇಲ್ಲಿ ಅದನ್ನು ಒತ್ತಿದರೆ ಆರಿಸಿಕೊಂಡ ಗೋಡೆ ಮಗ್ಗುಲು ಬದಲಿಸಿ ಒಳಮೈಯನ್ನು ಬೀದಿಗೆ ತೋರಿಸುತ್ತದೆ, ಬಾಗಿಲು ತಿರುವುಮುರುವಾಗುತ್ತದೆ. ಒಂದು ಮಧ್ಯಾಹ್ನ ಬಚ್ಚಲಿನ ಬಾಗಿಲು ಅಡುಗೆಮನೆಯೊಳಕ್ಕೆ ತೆರೆದುಕೊಂಡದ್ದನ್ನು ಕಂಡು ನಾನೇ ಎದ್ದುಹೋಗಿ ಮುಖ ತೊಳೆದು ಬಂದೆ.

ಬಾಗಿಲು, ಕಿಟಕಿ, ಕುರ್ಚಿ ಎಲ್ಲಕ್ಕೂ ಅಲ್ಲಿ ಫ್ಯಾಮಿಲಿ ಎಂಬ ಹೆಸರು. "ಈ ಫ್ಯಾಮಿಲಿ ಸರಿಯಿಲ್ಲ, ತೆಗೆದು ಬೇರೆ ತರೋಣ" ಎಂದು ನಾವಿಬ್ಬರೂ ಗಂಭೀರವಾಗಿ ಮಾತಾಡುತ್ತಿದ್ದಾಗ ಚಹಾ ತಂದ ನನ್ನ ಹೆಂಡತಿ ಲೋಟವನ್ನು ಸ್ವಲ್ಪ ಜೋರಾಗಿಯೇ ಇಟ್ಟು ಹೋದಳು.

ರೆವಿಟ್‌ನ ಮೂಲ ಯೋಚನೆ ನಿನ್ನೆ ಮೊನ್ನೆಯದಲ್ಲವಂತೆ. ಕಟ್ಟಡದ ಒಂದು ಕಡೆ ಬದಲಾಯಿಸಿದರೆ ಎಲ್ಲ ನಕ್ಷೆಗಳೂ ತಾವಾಗಿ ಬದಲಾಗಬೇಕೆಂದು ಅಮೆರಿಕದ ಚಾರ್ಲ್ಸ್ ಈಸ್ಟ್‌ಮನ್ ಎಂಬ ಪ್ರಾಧ್ಯಾಪಕರು 1975ರಲ್ಲೇ ಬರೆದಿದ್ದರು. ರೆವಿಟ್ ಮಾರುಕಟ್ಟೆಗೆ ಬಂದದ್ದು 2000ದಲ್ಲಿ. 2002ರಲ್ಲಿ ಆಟೋಕ್ಯಾಡ್‌ನ ಕಂಪನಿಯೇ ಅದನ್ನು ಕೊಂಡುಕೊಂಡಿತು. ಹೊಟ್ಟೆಯ ಮಗ ಚೆನ್ನಾಗಿ ದುಡಿಯುತ್ತಿರುವಾಗಲೇ ದತ್ತು ತೆಗೆದುಕೊಂಡ ಹಾಗೆ. ಈಸ್ಟ್‌ಮನ್ನರ ಮಾತು ನನಗೆ ಅರ್ಥವಾದದ್ದು ಮಾತ್ರ ಬಂದರಿನ ಶೆಡ್ಡಿನಲ್ಲಿ. ಬಲೆಯ ಒಂದು ಕಣ್ಣನ್ನು ಹಿಡಿದೆಳೆದರೆ ಅತ್ತ ತುದಿಯಲ್ಲಿ ಕೂತವನ ಮಡಿಲಿನ ಬಲೆಯೂ ಸರಿಯುತ್ತದೆ. ಇಲ್ಲೂ ಹಾಗೇ: ಪ್ಲಾನಿನಲ್ಲಿ ಕಿಟಕಿ ಸರಿಸಿದರೆ ಎಲಿವೇಶನ್ನಿನಲ್ಲಿ ಸರಿಯಿತು, ಸೆಕ್ಷನ್ನಿನಲ್ಲಿ ಸರಿಯಿತು, ಅಳಿಸಿದರೆ ಕಿಟಕಿಗಳ ಪಟ್ಟಿಯಲ್ಲಿ ಲೆಕ್ಕವೂ ಒಂದು ಇಳಿಯಿತು. ಪ್ಲಾನಿನಲ್ಲಿ 8, ಎಲಿವೇಶನ್ನಿನಲ್ಲಿ 9 ಕಿಟಕಿ ಇಟ್ಟು, ಕೇಳಿದವರಿಗೆ "ಗಾಳಿ ಬರಲಿ ಅಂತ" ಎಂದು ಹೇಳಿ ಬದುಕಿದ ನನಗೆ ಇದು ಮನೆಯಲ್ಲೇ ಆಡಿಟರನ್ನು ಇಟ್ಟುಕೊಂಡಂತಾಯಿತು.

ಒಂದು ಕಡೆ ಮಾತ್ರ ಅದು ನನ್ನೆದುರು ತಡವರಿಸಿತು. ಜಗಲಿಗೆ ಕೋಣೆ ಎಂದು ಹೆಸರು ಕೊಡಲು ಹೋದರೆ, ಸುತ್ತ ಸರಿಯಾಗಿ ಮುಚ್ಚಿಲ್ಲ ಎಂದು ಎಚ್ಚರಿಕೆ ಬಂತು. ಅಯ್ಯೋ, ಮುಚ್ಚದೆ ಇರುವುದಕ್ಕೇ ಅಲ್ಲವೇ ಜಗಲಿ? ನಮ್ಮ ಕಡೆ ಹೆಣ್ಣು ಕೊಡುವ ಮಾತು, ಹಿಸ್ಸೆಯ ಜಗಳ, ಅಂಕೋಲೆಯ ಕರಿ ಇಶಾಡ ಮಾವಿನ ಹಂಚಿಕೆ ಎಲ್ಲ ನಡೆಯುವ ಜಾಗ ಅದೊಂದೇ. ಅವಳು ಕಂಬದಿಂದ ಕಂಬಕ್ಕೆ ಬರೀ ಒಂದು ಗೆರೆ ಎಳೆದು ಅದನ್ನು ಒಪ್ಪಿಸಿದಳು. "ನೋಡಿದೆಯಾ, ಕೊನೆಗೂ ಗೀಟೇ ಬೇಕಾಯಿತು" ಎಂದು ಆ ದಿನ ನಾನು ಎರಡು ಬಂಗುಡೆ ಹೆಚ್ಚಿಗೆ ತಿಂದೆ.

ಗೆಲುವು ಬಹಳ ದಿನ ಉಳಿಯಲಿಲ್ಲ. ಅಭ್ಯಾಸಕ್ಕೆಂದು ಹಳೆಯ ನಕ್ಷೆಯೊಂದನ್ನು ಮಾಡೆಲ್ ಮಾಡಲು ಅವಳು ಹೇಳಿದಳು. ಕೈಗೆ ಸಿಕ್ಕಿದ್ದು, 20 ವರ್ಷದ ಹಿಂದೆ ಇಲ್ಲೇ ಗುಡ್ಡದ ಬುಡದಲ್ಲಿ ಬೋಟು ನಡೆಸುವ ತಾಂಡೇಲರೊಬ್ಬರಿಗೆ ಬರೆದುಕೊಟ್ಟ ಮನೆ. ಬೈತಖೋಲದಲ್ಲಿ ಮುಂದೆ ಕಡಲು, ಹಿಂದೆ ಗುಡ್ಡ. ನಡುವೆ ಸಿಕ್ಕಷ್ಟು ಜಾಗ. 10 ಅಡಿ ಎತ್ತರಕ್ಕೆ 6 ಇಂಚಿನ ಮೆಟ್ಟಿಲಾದರೆ 20 ಏರು. 10 ಇಂಚಿನ ಹಾಸಿನ ಲೆಕ್ಕದಲ್ಲಿ ಸುಮಾರು 16 ಅಡಿ ಉದ್ದ ಬೇಕು. ಇದ್ದದ್ದು 12. ಗೀಟಿನ ಕಾಲದಲ್ಲಿ ಇದಕ್ಕೊಂದು ಉಪಾಯವಿತ್ತು: ನಾಲ್ಕಾರು ಮೆಟ್ಟಿಲು ಬರೆದು, ಅಡ್ಡ ಒಂದು ಮಿಂಚಿನ ಗೆರೆ ಎಳೆದು, 'ಅಪ್' ಎಂದು ಬಾಣ ಹಾಕಿಬಿಡುವುದು. ಉಳಿದದ್ದು ಮೇಸ್ತ್ರಿ ಮತ್ತು ದೇವರು ನೋಡಿಕೊಳ್ಳುತ್ತಾರೆ. ಸೆಕ್ಷನ್ನನ್ನಂತೂ ಮೆಟ್ಟಿಲಿನ ಹತ್ತಿರವೂ ಸುಳಿಯದೆ ಹಜಾರದ ನಡುವೆ ಕೊಯ್ದಿದ್ದೆ. ಹೊಟ್ಟೆಯೊಳಗೆ ಏನಿದೆಯೆಂದು ನಮ್ಮ ಗುಡ್ಡ ತೋರಿಸಿದ್ದು ಹೆದ್ದಾರಿಗಾಗಿ ಬಿಣಗಾ ಕಡೆಗೆ ಸುರಂಗ ಕೊರೆದ ಮೇಲೆ ತಾನೆ? ನನ್ನ ಮೆಟ್ಟಿಲೂ ಹಾಗೇ ಅವಿತುಕೊಂಡಿತ್ತು.

ಅವಳು ಮೆಟ್ಟಿಲಿನ ಮೇಲೆಯೇ ಕೊಯ್ದಳು. ಅಳತೆಗಿರಲಿ ಎಂದು ಒಂದು ಮನುಷ್ಯನ ಫ್ಯಾಮಿಲಿಯನ್ನು ತಂದು ಮೇಲಿನ ಮೆಟ್ಟಿಲ ಮೇಲೆ ನಿಲ್ಲಿಸಿದಳು. ಆಸಾಮಿ ಕೋಟು ಹಾಕಿಕೊಂಡು, ಮೂಗಿನ ತನಕ ಬೀಮಿನೊಳಗೆ ತಲೆ ಹುದುಗಿಸಿ ಹಾಯಾಗಿ ನಿಂತಿದ್ದ. ಅವಳು ಏನೂ ಹೇಳಲಿಲ್ಲ. ಅದೇ ಕಷ್ಟವಾದದ್ದು.

ಜುಲೈ 31ರ ಸಂಜೆ, ಅಳತೆಯ ನೆಪದಲ್ಲಿ ಟೇಪು ಹಿಡಿದು ಇಬ್ಬರೂ ಆ ಮನೆಗೆ ಹೋದೆವು. ಮರುದಿನ ಬೋಟು ಕಡಲಿಗಿಳಿಯುವ ಗಡಿಬಿಡಿ. ಜಗಲಿಯ ತುಂಬ ಬಲೆ, ಹಗ್ಗ, ಡೀಸೆಲ್ ಕ್ಯಾನು. "ಬನ್ನಿ ಸಾಹೇಬ್ರೆ, ನಿಮ್ಮದೇ ಮನೆ" ಎಂದರು ತಾಂಡೇಲರು. "ನೀವು ಕಟ್ಟಿಸಿದ ಮೆಟ್ಟಿಲು ಭಾರೀ ಸಂಸ್ಕಾರದ್ದು. ಜಿಲ್ಲಾಧಿಕಾರಿ ಬಂದರೂ ತಲೆ ಬಗ್ಗಿಸಿಯೇ ಹತ್ತಬೇಕು."

ನಗುತ್ತ ಹತ್ತಿದ ನನ್ನ ತಲೆ ಠಪ್ಪೆಂದು ಬಡಿಯಿತು. ನೋಯಲಿಲ್ಲ. ಬೀಮಿನ ಅಂಚಿಗೆ, ಸರಿಯಾಗಿ ನೆತ್ತಿ ತಾಗುವಲ್ಲಿ, ಬಲೆಯ ಬೆಂಡೊಂದನ್ನು ನೈಲಾನ್ ದಾರದಿಂದ ಬಿಗಿದು ಕಟ್ಟಿದ್ದರು. 20 ವರ್ಷದ ತಲೆಗಳ ಕೊಬ್ಬರಿ ಎಣ್ಣೆ ಕುಡಿದು ಅದು ಕಪ್ಪಗೆ ಹೊಳೆಯುತ್ತಿತ್ತು. ಬಿಚ್ಚಿಸಿ ರಿಪೇರಿ ಮಾಡಿಸೋಣವೇ ಎಂದೆ. "ಬೇಡ ಬಿಡಿ, ಈಗ ಮೊಮ್ಮಕ್ಕಳಿಗೂ ರೂಢಿಯಾಗಿದೆ" ಎಂದರು.

ಮನೆಗೆ ಬಂದು ಅವಳು ಮಾಡೆಲ್‌ನಲ್ಲಿ ಆ ಜಾಗಕ್ಕೆ ಒಂದು ಉರುಟು ಬೆಂಡು ಮಾಡಿ ಸಿಕ್ಕಿಸಿದಳು. ಸಾಫ್ಟ್‌ವೇರು ಈ ಸಲ ತಕರಾರು ತೆಗೆಯಲಿಲ್ಲ. ನನ್ನ ಮೊದಲ ರೆವಿಟ್ ಮನೆಯ ಪಟ್ಟಿ ಹೀಗಿದೆ: ಬಾಗಿಲು 6, ಕಿಟಕಿ 8, ಬೆಂಡು 1.