ಬಾಂಬ್ ಶೆಲ್ಟರಿನಲ್ಲಿ ಸಂಡಿಗೆ

ಸಿಂಗಪುರ ಇರುವುದು ಭೂಮಧ್ಯರೇಖೆಯಿಂದ ಸುಮಾರು ಒಂದೇ ಡಿಗ್ರಿ ಮೇಲೆ. ವರ್ಷಪೂರ್ತಿ ಮಧ್ಯಾಹ್ನ 31–32 ಡಿಗ್ರಿ ಸೆಕೆ, ಬೆಳಗಿನ ಜಾವದ ಗಾಳಿಯಲ್ಲಿ ಶೇ. 90 ಮೀರುವ ತೇವ. ನಾನೋ ಚಳ್ಳಕೆರೆಯವಳು. ಒಗೆದ ಸೀರೆಯನ್ನು ಈ ತುದಿಯಿಂದ ಹರವಿ ಆ ತುದಿಗೆ ಹೋಗುವಷ್ಟರಲ್ಲಿ ಈ ತುದಿ ಒಣಗಿರುವ ಊರು ನಮ್ಮದು. ಗಾಳಿಗೆ ಬಟ್ಟೆ ನೆನೆಸುವುದೂ ಗೊತ್ತೆಂದು ತಿಳಿದದ್ದು ಇಲ್ಲಿಗೆ ಬಂದ ಮೇಲೆ.

ಮೊದಲ ಬಲಿ ನಮ್ಮವರ ಷೂ. ಯಾವುದೋ ಮೀಟಿಂಗಿಗೆಂದು ಗೂಡಿನಿಂದ ಹೊರಗೆಳೆದರೆ ಕರಿ ಷೂ ಹಸಿರಾಗಿತ್ತು. "ಇದ್ಯಾರದೇ?" ಎಂದು ಕೇಳಿದರು ಪಾಪ. ಆಮೇಲೆ ನನ್ನ ಮೊಳಕಾಲ್ಮೂರು ಸೀರೆಯ ಮಡಿಕೆಯಲ್ಲಿ ಬೂಷ್ಟು. ಪಕ್ಕದ ಮನೆಯ ಚೀನೀ ಆಂಟಿ ಅಂಗಡಿ ತೋರಿಸಿ, 'ಥರ್ಸ್ಟಿ ಹಿಪ್ಪೋ' ಎಂಬ ಡಬ್ಬಿ ಕೊಡಿಸಿದರು. ಅದರೊಳಗಿನ ಕ್ಯಾಲ್ಸಿಯಂ ಕ್ಲೋರೈಡ್ ಹರಳು ಗಾಳಿಯ ತೇವ ಹೀರಿ ತಾನೇ ಕರಗುತ್ತದೆ. ಡಬ್ಬಿಯ ತಳದಲ್ಲಿ ನೀರು ನಿಲ್ಲುತ್ತದೆ. ಊರಿನಲ್ಲಿ ಬೋರು ಕೊರೆಸಿದರೂ ಬಾರದ ನೀರು ಇಲ್ಲಿ ಬೀರುವಿನಲ್ಲೇ ಬಿತ್ತು.

ಇಷ್ಟರಲ್ಲಿ ಅತ್ತೆ ಬಂದರು. ಶಿವರಾತ್ರಿ ಕಳೆದ ಮೇಲೆ ಸಂಡಿಗೆ ಹಾಕದಿದ್ದರೆ ಅವರಿಗೆ ಊಟ ಸೇರದು. ಸರ್ಕಾರಿ ವಸತಿ ಮಂಡಳಿಯ ಕಟ್ಟಡಗಳಲ್ಲಿ ತಾರಸಿಗೆ ಬೀಗ. ಅಡುಗೆಮನೆ ಕಿಟಕಿಯಾಚೆ ಬಿದಿರಿನ ಗಳು ಚಾಚಿ ಬಟ್ಟೆ ಒಣಹಾಕುವುದು ಇಲ್ಲಿಯ ಹಳೆಯ ರೂಢಿ. ಅತ್ತೆ ಎರಡು ಗಳುಗಳ ನಡುವೆ ಪಂಚೆ ಕಟ್ಟಿ ಅದರ ಮೇಲೆ ಸಂಡಿಗೆ ಇಡಲು ಹೊರಟರು. "ಬೇಡಿ ಅತ್ತೆ, ಮೇಲಿಂದ ಏನು ಬಿದ್ದರೂ ಇಲ್ಲಿ ಪೊಲೀಸ್ ಕೇಸು. ಅದಕ್ಕೆ ಕಿಲ್ಲರ್ ಲಿಟರ್ ಅಂತಾರೆ" ಎಂದೆ.

"ಸಂಡಿಗೆ ಬಿದ್ದು ಯಾವನು ಸತ್ತಾನೆ?" ಅಂದರು. ಕಾನೂನಿನ ಪುಸ್ತಕದಲ್ಲಿ ಇದಕ್ಕೆ ಉತ್ತರವಿದೆಯೋ ಇಲ್ಲವೋ, ನನ್ನಲ್ಲಂತೂ ಇರಲಿಲ್ಲ.

ಕೊನೆಗೆ ಸಂಡಿಗೆ ಹಾಲ್‌ಗೆ ಬಂತು, ಏಸಿಯ ಕೆಳಗೆ. ಅದೇ ಹೊತ್ತಿಗೆ ಡೆಂಗಿ ತಪಾಸಣೆಯವರು ಬಾಗಿಲು ತಟ್ಟಬೇಕೆ? ಸೊಳ್ಳೆ ಮರಿ ಮಾಡುವಷ್ಟು ನೀರು ಮನೆಯಲ್ಲಿ ನಿಂತಿದ್ದರೆ ಇಲ್ಲಿ ದಂಡ. ಕುಂಡದ ತಟ್ಟೆ, ಬಕೆಟ್ಟು, ಗಳು ಸಿಕ್ಕಿಸುವ ಕೊಳವೆಯ ಬಾಯಿ ಎಲ್ಲಕ್ಕೂ ಟಾರ್ಚು ಬಿಟ್ಟ ಆ ಹುಡುಗ ಕೊನೆಗೆ ಸಂಡಿಗೆಯ ಸಾಲಿನ ಮೇಲೂ ಬಿಟ್ಟ. ಅತ್ತೆ ಸೆರಗು ಸಿಕ್ಕಿಸಿಕೊಂಡು ಅಡ್ಡ ನಿಂತರು. ಅವನು ಏನೂ ಬರೆದುಕೊಳ್ಳದೆ ಹೋದ.

ಏಸಿ ಮಾತ್ರ ಬಿಡಲಿಲ್ಲ. ಕೋಣೆಯ ಗಾಳಿಯಿಂದ ಅದು ಹಿಂಡಿದ ನೀರು ಸಣ್ಣ ಪೈಪಿನಲ್ಲಿ ಹೊರಹೋಗಬೇಕು. ಆ ಪೈಪಿನೊಳಗೆ ಲೋಳೆ ಕಟ್ಟಿದರೆ ನೀರು ತಿರುಗಿ ಮನೆಯೊಳಗೇ ಸುರಿಯುತ್ತದೆ. ಮೂರು ತಿಂಗಳಿಗೊಮ್ಮೆ ಏಸಿ ಸರ್ವೀಸ್ ಮಾಡಿಸಬೇಕೆಂದು ಇಲ್ಲಿಯ ಬಾಡಿಗೆ ಕರಾರುಗಳಲ್ಲಿ ಬರೆಯುವುದು ಅದಕ್ಕೇ. ಬೆಳಗ್ಗೆ ಎದ್ದು ನೋಡಿದರೆ ಸಂಡಿಗೆ ಮತ್ತೆ ಅಂಬಲಿಯಾಗಿತ್ತು. ಈ ದೇಶದ ಮೊದಲ ಪ್ರಧಾನಿ ಲೀ ಕ್ವಾನ್ ಯೂ ನಾಡಿನ ಏಳಿಗೆಗೆ ಏಸಿಯೂ ಕಾರಣವೆಂದು ಹೊಗಳಿದ್ದರಂತೆ ಎಂದು ನಮ್ಮವರು ಹೇಳಿದರು. "ಅವರ ಮನೇಲಿ ಸಂಡಿಗೆ ಹಾಕ್ತಿರಲಿಲ್ಲ" ಎಂದರು ಅತ್ತೆ.

ಉಳಿದ ಒಂದು ಮೊರ ಸಂಡಿಗೆಯನ್ನು ಫ್ಯಾನಿನಡಿ ಹೇಗೋ ಒಣಗಿಸಿ, ಸ್ಟೀಲ್ ಡಬ್ಬಿಗೆ ತುಂಬಿ ಬಾಂಬ್ ಶೆಲ್ಟರಿನಲ್ಲಿ ಇಟ್ಟೆವು. 1998ರಿಂದೀಚೆಗೆ ಕಟ್ಟಿದ ಇಲ್ಲಿಯ ಮನೆಗಳಲ್ಲಿ ದಪ್ಪ ಕಾಂಕ್ರೀಟು ಗೋಡೆ, ಉಕ್ಕಿನ ಬಾಗಿಲಿನ ಒಂದು ಪುಟ್ಟ ಕೋಣೆ ಇರುತ್ತದೆ. ಯುದ್ಧವಾದರೆ ಅದರೊಳಗೆ ಅವಿತುಕೊಳ್ಳಬೇಕು. ಯುದ್ಧವಂತೂ ಬಂದಿಲ್ಲ, ಹಾಗಾಗಿ ಎಲ್ಲರ ಮನೆಯಲ್ಲೂ ಅದು ಉಗ್ರಾಣ. ಬಾಂಬು ತಡೆಯುವ ಆ ಕೋಣೆಯಲ್ಲಿ ಬೆಳಕಿಲ್ಲ, ಗಾಳಿಯಾಡುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಡಬ್ಬಿ ತೆರೆದರೆ ಸಂಡಿಗೆಗೂ ಷೂಗೆ ಬಂದ ಬಣ್ಣವೇ ಬಂದಿತ್ತು.

ಈ ಕಡೆ ಬರುವವರು ರೇಷ್ಮೆ ಸೀರೆಯನ್ನು ಊರಿನಲ್ಲೇ ಬಿಟ್ಟು ಬನ್ನಿ. ಸಂಡಿಗೆಯನ್ನು ಅಲ್ಲಿಯ ಬಿಸಿಲಿನಲ್ಲೇ ಒಣಗಿಸಿ ತನ್ನಿ, ಬಂದ ವಾರದಲ್ಲೇ ಕರಿದು ತಿನ್ನಿ, ಪಕ್ಕದ ಮನೆಗೂ ಒಂದು ತಟ್ಟೆ ಕೊಡಿ.