ವಾಹನಸಂಘಟ್ಟನ ಮೀಮಾಂಸೆ, ಅಥವಾ ಸ್ಥಳರಾಜಿಖಂಡನಂ

ಸಂತೆಕಟ್ಟೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನು ತೊರೆದು, ನೇಜಾರು ಕೆಮ್ಮಣ್ಣುಗಳನ್ನು ಹಾದು ಹೂಡೆಯ ಕಡಲಂಚಿಗಿಳಿಯುವ ಕಿರುಮಾರ್ಗದಲ್ಲಿ, ಸೂರ್ಯಾಸ್ತವು ತನಗಾಗಿ ಕಾಯಲಾರದೆಂಬ ಆತುರದ ಮಣಿಪಾಲದ ಕಾರೂ, ಮನೆಗೆ ಮರಳುತ್ತಿರುವ ಮೀನುಗಾರನ ಸ್ಕೂಟರೂ ಏಕಕಾಲದಲ್ಲಿ ಏಕದೇಶವನ್ನು ಆಕ್ರಮಿಸಲು ಉದ್ಯುಕ್ತವಾದಾಗ ಉಂಟಾಗುವ ಪದಾರ್ಥಕ್ಕೆ ಸಂಘಟ್ಟನವೆಂದು ಹೆಸರು. ಅದರ ಭೌತಿಕಾಂಶವು ಕ್ಷಣಾರ್ಧದಲ್ಲಿ ಮುಗಿದುಹೋಗುವುದರಿಂದ ವಿದ್ವಜ್ಜನರ ಲಕ್ಷ್ಯಕ್ಕೆ ಪಾತ್ರವಲ್ಲ. ತದನಂತರದ ಅರ್ಧ ಗಂಟೆಯೇ ಪ್ರಕೃತ ಪ್ರಬಂಧದ ವಿಷಯ.

ಪಾಜಕದಲ್ಲಿ ಅವತರಿಸಿದ ಮಧ್ವಾಚಾರ್ಯರು ಜೀವಕ್ಕೂ ಜೀವಕ್ಕೂ, ಜೀವಕ್ಕೂ ಜಡಕ್ಕೂ, ಜಡಕ್ಕೂ ಜಡಕ್ಕೂ ಭೇದವು ಸತ್ಯವೇ ಎಂದು ಸಾಧಿಸಿದ ಈ ಸೀಮೆಯಲ್ಲಿ, ಬಂಪರು ತಗ್ಗಿದೊಡನೆ ಸರ್ವರೂ ಅದ್ವೈತಿಗಳಾಗಿಬಿಡುವುದು ದರ್ಶನಶಾಸ್ತ್ರದ ಇತಿಹಾಸಕಾರರು ಇನ್ನೂ ಗಮನಿಸದ ವಿಸ್ಮಯ. "ಮಾರಾಯ್ರೇ, ನಾವು ನೀವು ಬೇರೆಯಾ? ಪೊಲೀಸು, ಕೋರ್ಟು ಎಲ್ಲ ಯಾಕೆ? ಐದು ಸಾವಿರ ಕೊಡ್ತಾರೆ, ಇಲ್ಲಿಗೇ ಮುಗಿಸುವ" ಎಂಬುದು ಈ ಸ್ಥಳರಾಜಿವಾದದ ಮೂಲಸೂತ್ರ. ಇದರ ಪ್ರವರ್ತಕಾಚಾರ್ಯನು ಎರಡು ವಾಹನಗಳಲ್ಲಿ ಯಾವುದರಲ್ಲಿಯೂ ಇದ್ದವನಲ್ಲ; ಹಿಂದಿನಿಂದ ಬಂದ ಬಸ್ಸಿನಿಂದ ಇಳಿದವನು, ಮತ್ತು ಕಾರಿನ ಮಾಲೀಕನ ಸೋದರಮಾವನನ್ನು ಬಲ್ಲವನು.

ಇದರ ಖಂಡನೆಗೆ ತತ್ತ್ವವಾದವು ಒಪ್ಪಿರುವ ಮೂರು ಪ್ರಮಾಣಗಳೇ ಸಾಕು. ವಾಹನಗಳನ್ನು ಬದಿಗೆ ಸರಿಸುವ ಮೊದಲೇ ಮೊಬೈಲಿನಲ್ಲಿ ತೆಗೆದ ಚಿತ್ರ, ನಂಬರು ಫಲಕ, ಕಂಡವರ ಹೆಸರು ವಿಳಾಸ, ಇವು ಪ್ರತ್ಯಕ್ಷ. ಕಂಡವರು ಠಾಣೆಯ ಭಯದಿಂದ ಮೆಲ್ಲನೆ ಕರಗುವರೆಂಬುದು ನಿಜವಾದರೂ, 2019ರ ತಿದ್ದುಪಡಿಯಲ್ಲಿ ಸೇರಿದ 134-ಎ ಕಲಮು ಗಾಯಾಳುವಿಗೆ ನೆರವಾದವನಿಗೆ ಅಭಯಹಸ್ತ ನೀಡಿದೆ. ಟಯರಿನ ಗೀರು, ಸ್ಥಳ ಮಹಜರು, ಮೋಟಾರು ವಾಹನ ನಿರೀಕ್ಷಕರ ವರದಿ, ಇವುಗಳಿಂದ ಹುಟ್ಟುವುದು ಅನುಮಾನ. ಆಗಮವೆಂದರೆ ಎಫ್‌ಐಆರ್ ಮತ್ತು ಗಾಯದ ಪ್ರಮಾಣಪತ್ರ. ಆಸ್ಪತ್ರೆಯ ದಾಖಲೆಯಲ್ಲಿ ಮೊದಲು ಬರೆಯಲ್ಪಟ್ಟ ವಾಕ್ಯವು ಬಹುಕಾಲ ಬಾಳುತ್ತದೆ. ಸ್ಥಳರಾಜಿಯ ಸೌಜನ್ಯಕ್ಕೆ ಮಣಿದು "ಬಚ್ಚಲಲ್ಲಿ ಜಾರಿದೆ" ಎಂದು ನುಡಿದವನಿಗೆ, ವಿಮಾ ಕಂಪನಿಯ ವಕೀಲರು ಆ ಬಚ್ಚಲನ್ನೇ ಪಾಟೀಸವಾಲಿನಲ್ಲಿ ಮರಳಿ ಮರಳಿ ತೋರಿಸುವರು. ಔಷಧದಂಗಡಿಯ ಚೀಟಿಗಳನ್ನೂ ತಾಳೆಗರಿಗಳಷ್ಟೇ ಆಸ್ಥೆಯಿಂದ ಕಾಪಿಡತಕ್ಕದ್ದು.

ಇನ್ನು ಗಣಿತಕಾಂಡ. 1988ರ ಮೋಟಾರು ವಾಹನ ಕಾಯಿದೆಯ 168ನೆಯ ಕಲಮು "ನ್ಯಾಯಯುತ" ಪರಿಹಾರವೆಂದಷ್ಟೇ ನುಡಿದು ಸುಮ್ಮನಾಯಿತು. ನ್ಯಾಯವೆಂದರೆ ಎಷ್ಟು ರೂಪಾಯಿ ಎಂಬ ಜಿಜ್ಞಾಸೆಗೆ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ, ಸರಳಾ ವರ್ಮಾ ಪ್ರಕರಣದಲ್ಲಿ, ವಯಸ್ಸಿಗೊಂದು ಗುಣಕವನ್ನು ನಿಗದಿಮಾಡಿ ಮನುಷ್ಯಜನ್ಮವನ್ನು ಮಗ್ಗಿಗೆ ಇಳಿಸಿತು. 15ರಿಂದ 25ರ ಹರೆಯಕ್ಕೆ 18, ಮೂವತ್ತರವರೆಗೆ 17. ಇಳಿಯುತ್ತ ಇಳಿಯುತ್ತ ಅರುವತ್ತೈದು ದಾಟಿದವರಿಗೆ 5. ವೈದ್ಯರು ಹೇಳುವ ಅಂಗವೈಕಲ್ಯದ ಶೇಕಡವೂ ದುಡಿಮೆಯ ನಷ್ಟದ ಶೇಕಡವೂ ಒಂದೇ ಅಲ್ಲವೆಂದು 2010ರ ಇನ್ನೊಂದು ತೀರ್ಪು ಸಾರಿತು. ಬಲಭುಜ ಮೇಲೇಳದಿದ್ದರೆ ಮಣಿಪಾಲದ ಬ್ಯಾಂಕಿನ ಗುಮಾಸ್ತನು ಅಂಗಿ ತೊಡಲು ಕಷ್ಟಪಟ್ಟಾನು. ಹೂಡೆಯಲ್ಲಿ ಬೀಸುಬಲೆ ಎಸೆಯುವವನಿಗೆ ಅದೇ ಭುಜವೇ ಹೊಲ, ಅದೇ ಅಂಗಡಿ. ಭೇದವು ಸತ್ಯವೆಂಬುದಕ್ಕೆ ಇದಕ್ಕಿಂತ ಪ್ರಬಲ ದೃಷ್ಟಾಂತ ಬೇಕೆ? ಅವನಿಗೆ ವಯಸ್ಸು ಮೂವತ್ತು, ತಿಂಗಳ ಆದಾಯ 15,000, ದುಡಿಮೆಯ ನಷ್ಟ ನೂರಕ್ಕೆ ಇಪ್ಪತ್ತೇ ಎಂದಿಟ್ಟುಕೊಂಡರೂ, ಹನ್ನೆರಡರಿಂದಲೂ ಹದಿನೇಳರಿಂದಲೂ ಗುಣಿಸಿ ಐದರಿಂದ ಭಾಗಿಸಿದಲ್ಲಿ 6,12,000 ರೂಪಾಯಿ ದೊರೆಯುತ್ತದೆ. ಚಿಕಿತ್ಸೆಯ ವೆಚ್ಚ, ನೋವು ಯಾತನೆಗಳ ಲೆಕ್ಕ ಬೇರೆ. ಐದು ಸಾವಿರದ ಆಚಾರ್ಯನಿಗೆ ಮಗ್ಗಿ ಬಾರದೆಂದು ನಾವು ಆರೋಪಿಸುವುದಿಲ್ಲ. ಅವನು ಬೇರೊಂದು ಗುಣಕವನ್ನು ನಂಬಿದವನು.

ಕಾಲತತ್ತ್ವವು ಇಲ್ಲಿ ಸೃಷ್ಟಿಪ್ರಳಯಗಳಿಗೆ ಒಳಪಟ್ಟದ್ದು. ಅರ್ಜಿಯ ಅವಧಿಮಿತಿಯು 1994ರಲ್ಲಿ ಲಯಹೊಂದಿ, 2022ರ ಏಪ್ರಿಲ್ 1ರಂದು "ಅಪಘಾತವಾಗಿ ಆರು ತಿಂಗಳೊಳಗೆ" ಎಂಬ ರೂಪದಲ್ಲಿ ಪುನರ್ಜನ್ಮವೆತ್ತಿತು. ಅದರ ಸಿಂಧುತ್ವವು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿತವಾಗಿದ್ದರೂ, ಆ ವಿಚಾರವನ್ನು ಇತರರ ಅರ್ಜಿಗೆ ಬಿಟ್ಟು ತನ್ನದನ್ನು ಬೇಗನೆ ಸಲ್ಲಿಸುವುದೇ ವಿವೇಕ. ಕಾರ್ಕಳದಲ್ಲಿ ಬಿದ್ದವನು ಕಾರ್ಕಳಕ್ಕೇ ಅಲೆಯಬೇಕೆಂದಿಲ್ಲ. ತಾನು ವಾಸಿಸುವ ಸ್ಥಳದ ನ್ಯಾಯಾಧಿಕರಣವೂ ಆದೀತು.

"ಹಾಗಾದರೆ ಊರಿನ ಸಂಬಂಧ ಕೆಡುವುದಿಲ್ಲವೇ?" ಎಂಬುದು ಪೂರ್ವಪಕ್ಷದ ಕೊನೆಯ ಬಾಣ. ಮೂರನೆಯ ವ್ಯಕ್ತಿಯ ವಿಮೆ ಪ್ರತಿಯೊಂದು ವಾಹನಕ್ಕೂ ಕಡ್ಡಾಯವಾದುದರಿಂದ ಸಾಮಾನ್ಯವಾಗಿ ಹಣ ತೆರುವುದು ವಿಮಾ ಕಂಪನಿಯೇ ಹೊರತು ನೆರೆಯವನಲ್ಲ, ಮತ್ತು ಕಂಪನಿಗೆ ಕೆಮ್ಮಣ್ಣಿನಲ್ಲಿ ನೆಂಟರಿಲ್ಲ. ಕಾರಿನ ವಿಮೆ ಕಳೆದ ತಿಂಗಳೇ ಮುಗಿದಿದ್ದಲ್ಲಿ ಮಾತ್ರ ಮಾಲೀಕನು ಕೈಯಿಂದಲೇ ಕೊಡಬೇಕಾಗುವುದು, ಮತ್ತು ಆ ಸಂದರ್ಭದಲ್ಲಿ ಸೋದರಮಾವನು ಬಸ್ಸಿಗೆ ಕಾಯದೆ ರಿಕ್ಷಾ ಮಾಡಿಕೊಂಡೇ ಬರುವನೆಂಬುದು ಈ ಶಾಸ್ತ್ರದಲ್ಲಿ ನಿರ್ವಿವಾದ.