ಮಾಚಯ್ಯನ ಊರಲ್ಲಿ ಮೊಜಿಲ್ಲಾ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆಯುಷ್ಯ ಮುಗಿಯಿತು. ಹೊಲದಲ್ಲಿ ತೊಗರಿ ಹೂವಿಗೆ ಬಂದಿದ್ದ ಹೊತ್ತು. ದೇವರ ಹಿಪ್ಪರಗಿಯಲ್ಲಿ ಆ ಸುದ್ದಿಗೆ ಯಾರೂ ಕಿವಿಗೊಡಲಿಲ್ಲ. ಮರುದಿನ ಬೆಳಿಗ್ಗೆ ಝೆರಾಕ್ಸ್ ಅಂಗಡಿಯ ಕಂಪ್ಯೂಟರು, ಗೊಬ್ಬರದಂಗಡಿಯ ಕಂಪ್ಯೂಟರು, ನಮ್ಮ ಮನೆಯದು, ಎಲ್ಲವೂ ಎಂದಿನಂತೆ ಚಾಲೂ ಆದವು. ನಿಂತದ್ದು ಸುರಕ್ಷತೆಯ ಅಪ್‌ಡೇಟುಗಳು ಮಾತ್ರ. ಅವು ನಿಂತದ್ದು ತಿಳಿಯಬೇಕಾದರೆ ಬರುತ್ತಿದ್ದದ್ದಾದರೂ ತಿಳಿದಿರಬೇಕಲ್ಲ! ನಮಗೆ ಗೊತ್ತಿದ್ದ ಅಪ್‌ಡೇಟ್ ಅಂದರೆ, ಬಸ್ಸಿನ ಹೊತ್ತಾಯಿತೆಂದು ಕಂಪ್ಯೂಟರ್ ಬಂದ್ ಮಾಡಲು ಹೋದಾಗ ‘ಬಂದ್ ಮಾಡಬೇಡಿ’ ಎಂದು ನೀಲಿ ಪರದೆಯ ಮೇಲೆ ಗಿರಗಿರ ತಿರುಗುವ ಚುಕ್ಕೆಗಳು. ಅದರ ಕಾಟ ತಪ್ಪಿತೆಂದರೆ ಸಂತೋಷವೇ.

ಈ ಸಂತೋಷ ಕೆಡಿಸಿದವನು ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ. ದೀಪಾವಳಿಗೆ ಊರಿಗೆ ಬಂದವನು ಹೋಳಿಗೆ ತಿನ್ನುತ್ತಲೇ ತೀರ್ಪು ಕೊಟ್ಟ. “ಮಾಮಾ, ನಿಮ್ಮ ಕಂಪ್ಯೂಟರಿಗೆ ವಿಂಡೋಸ್ ಹನ್ನೊಂದು ಹತ್ತೂದಿಲ್ಲ. ಪ್ರೊಸೆಸರ್ ಹಳೇದೈತಿ. ಹೊಸಾದು ತಗೋರಿ, ಇಲ್ಲಾಂದ್ರ ಲಿನಕ್ಸ್ ಹಾಕೋರಿ.” ಒಂದಕ್ಕೆ ನಲವತ್ತು ಸಾವಿರ, ಇನ್ನೊಂದಕ್ಕೆ ಒಂದು ಪೆನ್‌ಡ್ರೈವ್. ನಿವೃತ್ತ ಮಾಸ್ತರನಿಗೆ ಆರಿಸುವ ಕಷ್ಟವೇ ಬರಲಿಲ್ಲ.

ಅಡುಗೆಮನೆಯಿಂದ ಪ್ರಶ್ನೆ ಬಂತು. “ಅದರಾಗ ಉತಾರ ತಗೀಲಿಕ್ಕೆ ಬರ್ತೈತೇನ್ರಿ?”

1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ಹುಡುಗ ಹೆಲ್ಸಿಂಕಿಯಲ್ಲಿ ಕೂತು ಲಿನಕ್ಸ್ ಬರೆಯುವಾಗ ಉತಾರದ, ಅಂದರೆ ಹೊಲದ ಪಹಣಿಯ ವಿಚಾರ ಅವನ ತಲೆಗೆ ಬಂದಿರಲಿಕ್ಕಿಲ್ಲ. ಬರಬೇಕಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿಗೆ ಹೋದರೂ ಕಂಪ್ಯೂಟರ್ ಎಂಬುದರ ಪರೀಕ್ಷೆ ಇದೊಂದೇ. 2000ನೇ ಇಸವಿಯಲ್ಲಿ ಭೂಮಿ ಯೋಜನೆ ಬಂದು ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಸೇರಿದಾಗಿನಿಂದ, ನಮ್ಮ ಕಡೆಯ ರೈತರ ಪಾಲಿಗೆ ಕಂಪ್ಯೂಟರ್ ಇರುವುದೇ ಉತಾರ ಉಗುಳಲಿಕ್ಕೆ. ಮಿಕ್ಕದ್ದೆಲ್ಲ ಹುಡುಗರ ಆಟ.

ಲಿನಕ್ಸ್ ನನಗೆ ಪೂರ್ತಿ ಹೊಸದೇನಲ್ಲ. 2011ರ ನಂತರ ಸರಕಾರಿ ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಮಾಸ್ತರರಿಗೆ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳು ನಡೆದವು. ಅಲ್ಲಿ ಉಬುಂಟು ಎಂಬ ಲಿನಕ್ಸಿನಲ್ಲೇ ಜಿಯೋಜಿಬ್ರಾ ತೆರೆದು ತ್ರಿಕೋನ ಎಳೆದಾಡಿದವರಲ್ಲಿ ನಾನೂ ಒಬ್ಬ. ಅದಕ್ಕೂ ಮೊದಲು ನಮ್ಮ ಶಾಲೆಯ ವಿಜ್ಞಾನದ ಮಾಸ್ತರರೊಬ್ಬರಿಗೆ ಉಬುಂಟು ಸಿ.ಡಿ. ಅಂಚೆಯಲ್ಲಿ ಬಂದಿತ್ತು. ಆ ಕಾಲದಲ್ಲಿ ಕ್ಯಾನೋನಿಕಲ್ ಕಂಪನಿಯವರು ಜಗತ್ತಿನ ಯಾವ ಮೂಲೆಯವರು ಕೇಳಿದರೂ ಪುಕ್ಕಟೆ ಸಿ.ಡಿ. ಕಳಿಸುತ್ತಿದ್ದರು, ಶಿಪ್‌ಇಟ್ ಎಂಬ ಆ ಧರ್ಮಕಾರ್ಯ 2011ಕ್ಕೆ ನಿಂತಿತು. ವಿದೇಶದ ಲಕೋಟೆ ಕಂಡ ಅಂಚೆಯವನು ಮಾಸ್ತರರ ಮಗನಿಗೆ ಅಮೆರಿಕದಲ್ಲಿ ನೌಕರಿ ಆಯಿತೆಂದು ಊರೆಲ್ಲ ಹೇಳಿದ. ಮಗ ಆಗ ಏಳನೇ ಇಯತ್ತೆ. ಲಕೋಟೆಯಲ್ಲಿದ್ದ ಸ್ಟಿಕ್ಕರನ್ನು ಮಾಸ್ತರರು ಸ್ಕೂಟರಿನ ಹೊಟ್ಟೆಗೆ ಅಂಟಿಸಿದ್ದರು. ಸಿ.ಡಿ. ಹಾಳಾಗಿ ಎಷ್ಟೋ ವರ್ಷವಾದರೂ ಸ್ಟಿಕ್ಕರು ಮಾತ್ರ ಗಟ್ಟಿಯಾಗಿ ಉಳಿದಿತ್ತು.

ಅಳಿಯ ಉಬುಂಟು ಹಾಕಿ ರಾತ್ರಿ ಬಸ್ಸು ಹತ್ತಿದ. ಬ್ರೌಸರ್ ಕೆಲಸ ಫೋನಿನ ಮೇಲೆ ಮಾಡೋಣವೆಂದ. ಫೈರ್‌ಫಾಕ್ಸ್ ಅದರಲ್ಲಿ ಮೊದಲೇ ಇತ್ತಲ್ಲ, ಹೊಸದು ಯಾಕೆ ಬೇಕೆಂದರೆ, ಮೊದಲೇ ಇದ್ದದ್ದು ಸ್ನ್ಯಾಪ್ ಅಂತೆ. ತನಗೆ ಬೇಕಾದದ್ದನ್ನೆಲ್ಲ ತಾನೇ ಕಟ್ಟಿಕೊಂಡು ಬರುವ ಗಂಟು. ಹಾಗಾಗಿ ನಮ್ಮಂಥ ಹಳೆಯ ಯಂತ್ರದಲ್ಲಿ ಮೊದಲ ಸಲ ತೆರೆಯುವಾಗ ಚಹಾ ಕುದಿಸಿಕೊಂಡು ಬರುವಷ್ಟು ಪುರಸೊತ್ತು ಕೊಡುತ್ತದೆ. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರೇ ಉಬುಂಟುವಿಗೆಂದು ಬೇರೆ ಪ್ಯಾಕೇಜು ಇಟ್ಟಿದ್ದಾರೆ, ಅದನ್ನು ತರೋಣ ಅಂದ.

ಫೋನನ್ನು ಸ್ಪೀಕರಿಗೆ ಹಾಕಿ ನೀರಿನ ತಂಬಿಗೆಗೆ ಆನಿಸಿ ನಿಲ್ಲಿಸಿದೆ. ಟರ್ಮಿನಲ್ ಎಂಬ ಕಪ್ಪು ಚೌಕ ತೆರೆಯಿತು. ಮೊದಲ ಸಾಲು ಒತ್ತಿದೊಡನೆ ಪಾಸ್‌ವರ್ಡ್ ಕೇಳಿತು. ಒತ್ತುತ್ತೇನೆ, ಪರದೆಯ ಮೇಲೆ ಏನೂ ಮೂಡುವುದಿಲ್ಲ. ಅಕ್ಷರ ಹೋಗಲಿ, ಬ್ಯಾಂಕಿನವರು ತೋರಿಸುವಂಥ ಚುಕ್ಕೆಯೂ ಇಲ್ಲ. “ಕೀಬೋರ್ಡ್ ಸತ್ತಿತೇನೋ?” “ಇಲ್ಲ ಮಾಮಾ, ಅದು ಹಂಗ. ಎಷ್ಟ ಅಕ್ಷರ ಅದಾವಂತ ಹಿಂದ ನಿಂತಾವ್ರಿಗೆ ಗೊತ್ತಾಗಬಾರ್ದಲ್ಲ.” ನನ್ನ ಹಿಂದೆ ನಿಂತದ್ದು ಕಡಲೆಕಾಯಿ ಸುಲಿಯುತ್ತಿದ್ದ ಹೆಂಡತಿ ಒಬ್ಬಳೇ. ಪಾಸ್‌ವರ್ಡ್ ಅವಳ ತವರೂರಿನ ಹೆಸರು.

ಆಮೇಲೆ, ಪ್ಯಾಕೇಜಿನ ಸಹಿ ತಾಳೆ ನೋಡಲು ಬೇಕಾದ ಮೊಜಿಲ್ಲಾದ ಕೀಲಿ ಇಳಿಯಿತು. ಕೀಲಿಗೂ ಒಂದು ಬೆರಳಚ್ಚು ಇರುತ್ತದೆ. ಅಂಕಿ ಅಕ್ಷರ ಕೂಡಿ ಒಟ್ಟು 40. ಅಳಿಯ ಅಲ್ಲಿಂದ “ಮೂವತ್ತೈದು ಬಿ ಎ ಎ ಸೊನ್ನೆ…” ಎಂದು ಓದುವುದು, ನಾನು ಇಲ್ಲಿ ಪರದೆಯ ಮೇಲೆ ಬೆರಳಿಟ್ಟು ಹೂಂ ಹೂಂ ಎನ್ನುವುದು. ಒಂದಕ್ಷರ ಹೆಚ್ಚುಕಡಿಮೆಯಾದರೂ ಆ ಕೀಲಿ ಮೊಜಿಲ್ಲಾದ್ದಲ್ಲ.

ಈ ತಪಾಸಣೆ ನನಗೆ ಭಾಳ ಹಿಡಿಸಿತು. ನಮ್ಮದು ಮಡಿವಾಳ ಮಾಚಯ್ಯನ ಊರು. ಹನ್ನೆರಡನೇ ಶತಮಾನದಲ್ಲಿ ಇಲ್ಲಿ ಹುಟ್ಟಿ ಕಲ್ಯಾಣಕ್ಕೆ ಹೋದ ಆತ ಶರಣರ ಬಟ್ಟೆ ಮಾತ್ರ ಒಗೆಯುತ್ತಿದ್ದ. ಮಡಿ ಬಟ್ಟೆಯ ಗಂಟು ಹೊತ್ತು ಬರುವಾಗ ಘಂಟೆ ಬಾರಿಸುತ್ತ, ಭವಿಗಳು ಯಾರೂ ಮುಟ್ಟಕೂಡದೆಂದು ಎಚ್ಚರಿಸುತ್ತ ಬರುತ್ತಿದ್ದನೆಂದು ಐತಿಹ್ಯ. ಉಬುಂಟುವಿಗೆ ಪ್ಯಾಕೇಜು ಹೊತ್ತು ತರುವ ಆಪ್ಟ್ ಎಂಬುದು ಮಾಡುವುದೂ ಇದನ್ನೇ. ದಾರಿಯಲ್ಲಿ ಯಾರಾದರೂ ಗಂಟು ಮುಟ್ಟಿದ್ದರೆ ಸಹಿ ತಾಳೆಯಾಗುವುದಿಲ್ಲ, ಆಪ್ಟ್ ಎಚ್ಚರಿಕೆ ಬರೆದು ಕೈ ಮೇಲೆತ್ತುತ್ತದೆ. ಮಾಚಯ್ಯ ಒಂದು ಕೈ ಮುಂದೆ. ಮುಟ್ಟಿದವನ ಗತಿ ಏನಾಯಿತೆಂಬ ಕತೆ ನಮ್ಮೂರ ಹುಡುಗರಿಗೂ ಗೊತ್ತು.

ಆದರೆ ಕೀಲಿ ಸರಿಯಿದ್ದ ಮಾತ್ರಕ್ಕೆ ಹೊಸ ಫೈರ್‌ಫಾಕ್ಸ್ ಬಂದುಬಿಡುವುದಿಲ್ಲ. ಇಲ್ಲೊಂದು ಮೋಜಿದೆ. ಉಬುಂಟುವಿನ ಸ್ವಂತ ಉಗ್ರಾಣದಲ್ಲೂ ಫೈರ್‌ಫಾಕ್ಸ್ ಎಂಬ ಹೆಸರಿನ ಪ್ಯಾಕೇಜೊಂದು ಕೂತಿದೆ. ಬಿಚ್ಚಿ ನೋಡಿದರೆ ಒಳಗೆ ಬ್ರೌಸರೇ ಇಲ್ಲ. ಹೋಗಿ ಸ್ನ್ಯಾಪ್ ಕರಕೊಂಡು ಬಾ ಎಂಬ ಚೀಟಿ ಇದೆ. ನೀವು ಸ್ನ್ಯಾಪನ್ನು ಮುಂಬಾಗಿಲಿನಿಂದ ಕಳಿಸಿ ಫೈರ್‌ಫಾಕ್ಸ್ ಬೇಕೆಂದು ಆಪ್ಟಿಗೆ ಹೇಳಿದರೆ, ಅದು ಈ ಚೀಟಿ ಓದಿ ಅದೇ ಸ್ನ್ಯಾಪನ್ನು ಹಿತ್ತಲಿನಿಂದ ಒಳಗೆ ಕರೆಯುತ್ತದೆ. ಮೊಜಿಲ್ಲಾದ ಅಸಲಿ ಫೈರ್‌ಫಾಕ್ಸ್ ಆಗ 144ನೇ ಆವೃತ್ತಿ. ಚೀಟಿಯ ಆವೃತ್ತಿಯೋ ಬರೀ ಒಂದು, ಅದರ ಹಿಂದೆ ಒಂದು ಕೋಲನ್, ಕೋಲನ್ನಿನ ಹಿಂದೆ ಇನ್ನೊಂದು ಒಂದು. ಕೋಲನ್ನಿನ ಹಿಂದೆ ಅಂಕಿ ಇದ್ದವನೇ ಹಿರಿಯನೆಂಬುದು ಆಪ್ಟಿನ ಕಾಯ್ದೆ. 144 ವರ್ಷದ ಮುತ್ಯಾ ಹೊರಗೆ ನಿಲ್ಲಬೇಕು, ನಿನ್ನೆ ಹುಟ್ಟಿದ ಚೀಟಿ ಗಾದಿಯ ಮೇಲೆ ಕೂಡಬೇಕು! ಗಣಿತ ಕಲಿಸಿದವನಿಗೆ ಸಿಟ್ಟು ಬಾರದೆ ಇರುತ್ತದೆಯೇ? ಇದಕ್ಕೆ ಮದ್ದೆಂದರೆ ಮೊಜಿಲ್ಲಾದಿಂದ ಬಂದದ್ದಕ್ಕೆ ಆದ್ಯತೆ 1000 ಎಂದು ಒಂದು ಕಡತದಲ್ಲಿ ಬರೆದಿಡುವುದು. ಬರೆದೆ. ಮುತ್ಯಾ ಒಳಗೆ ಬಂದ. ಹಿಂದೆಯೇ ಕನ್ನಡದ ಭಾಷಾ ಪ್ಯಾಕೂ ಬಂದು, ಪಟ್ಟಿಯ ಮೇಲೆ ‘ಕಡತ’, ‘ಸಂಪಾದನೆ’ ಎಂದು ಕನ್ನಡ ಕಾಣಿಸಿಕೊಂಡಿತು. ಇದನ್ನೆಲ್ಲ ಬಿಡುವಿನ ಹೊತ್ತಿನಲ್ಲಿ ಕೂತು ಅನುವಾದ ಮಾಡಿದವರು ಯಾರ್‍ಯಾರೋ. ಸಂಬಳಕ್ಕಂತೂ ಮಾಡಿದ್ದಲ್ಲವೆಂದು ಅಳಿಯ ಹೇಳಿದ.

ಪರದೆಯ ಮೂಲೆಯಲ್ಲಿ ಜೋಡಿಸುವ ಆಟದ ತುಂಡಿನ ಚಿತ್ರವೊಂದು ಇತ್ತು. ಅದನ್ನು ಕಂಡದ್ದೇ ಹಳೆಯ ನಂಟನನ್ನು ಕಂಡ ಹಾಗಾಯಿತು. ಶಾಲೆಯಲ್ಲಿ ಉಬುಂಟು ನೋಡಿದ ಕಾಲದ ಫೈರ್‌ಫಾಕ್ಸಿನಲ್ಲಿ ಆ ತುಂಡು ಬಂತೆಂದರೆ ಪ್ಲಗಿನ್ ಇಲ್ಲ, ವಿಡಿಯೋ ಇಲ್ಲ ಎಂದು ಅರ್ಥ. ಲಿನಕ್ಸಿನಲ್ಲಿ ಫ್ಲ್ಯಾಶ್ ಎಂಬ ಆ ಪ್ಲಗಿನ್ ಕೂಡಿಸುವುದೆಂದರೆ ಅಡೋಬಿಯಿಂದ ಗಂಟು ಇಳಿಸಿ, ಬಿಚ್ಚಿ, ಅದರೊಳಗಿನ ಒಂದು ಕಡತವನ್ನು ಮೊಜಿಲ್ಲಾ ಎಂಬ ಫೋಲ್ಡರಿಗೆ ಹಾಕಬೇಕಿತ್ತು. ಆ ಫೋಲ್ಡರಿನ ಹೆಸರು ಚುಕ್ಕೆಯಿಂದ ಶುರುವಾಗುವುದರಿಂದ ಅದು ಕಣ್ಣಿಗೆ ಕಾಣುವುದಿಲ್ಲ. ಕಾಣದ ಫೋಲ್ಡರಿಗೆ ಹಾಕು ಅಂದರೆ ಮನುಷ್ಯ ಎಲ್ಲಿಗೆ ಹಾಕಬೇಕು? ಕಂಟ್ರೋಲ್ ಜೊತೆ ಎಚ್ ಒತ್ತಿದರೆ ಕಾಣುತ್ತದೆ ಎಂಬುದು ಮಂತ್ರ. ಅದು ಗೊತ್ತಿದ್ದ ವಿಜ್ಞಾನದ ಮಾಸ್ತರರಿಗೆ ಸ್ಟಾಫ್ ರೂಮಿನಲ್ಲಿ ಚಹಾ ಪುಕ್ಕಟೆ. ಇಷ್ಟಾಗಿ ಯೂಟ್ಯೂಬಿನಲ್ಲಿ ಶ್ರೀಕೃಷ್ಣ ಪಾರಿಜಾತ ಹಚ್ಚಿದೆವು. ಚಿತ್ರ ಬಂತು, ದನಿ ಇಲ್ಲ. ಸತ್ಯಭಾಮೆ ಮುನಿದು ಕೈ ತಿರುವುತ್ತಾಳೆ, ಬಾಯಿ ತೆರೆಯುತ್ತಾಳೆ, ಒಂದಕ್ಷರ ಕೇಳದು. “ಕೃಷ್ಣನ ಪುಣ್ಯ” ಅಂದರು ಹೆಡ್‌ಮಾಸ್ತರರು.

ಆ ಫ್ಲ್ಯಾಶಿಗಾಗಿ ಪಟ್ಟ ಪಾಡೆಲ್ಲ ಕೊನೆಗೆ ಹೊಳೆಗೆ ಹೋಯಿತು. 2015ರ ಜನವರಿಯಲ್ಲಿ ಯೂಟ್ಯೂಬು ಫ್ಲ್ಯಾಶ್ ಇಲ್ಲದೆಯೇ ವಿಡಿಯೋ ತೋರಿಸುವುದನ್ನು ರೂಢಿ ಮಾಡಿತು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಅದರ ಕೈಬಿಟ್ಟಿತು. ಈಗ ವಿಡಿಯೋ ಬ್ರೌಸರಿನ ಹೊಟ್ಟೆಯೊಳಗೇ ಇದೆ, ಆಟದ ತುಂಡು ಬೇರೆ ಚಾಕರಿಗೆ ಸೇರಿದೆ. ಅದನ್ನು ಒತ್ತಿದರೆ ನೀವು ಹಾಕಿಕೊಂಡ ಎಕ್ಸ್‌ಟೆನ್ಶನ್‌ಗಳ ಪಟ್ಟಿ ಬರುತ್ತದೆ. ನಮ್ಮ ಕಡೆ ಅವಕ್ಕೂ ಪ್ಲಗಿನ್ ಅಂತಲೇ ಅನ್ನುತ್ತೇವೆ, ಅಳಿಯ ಹಲ್ಲು ಕಡಿದರೂ.

ಕನ್ನಡ ಪುಟ ಹೇಗೆ ಕಾಣುತ್ತದೋ ನೋಡಲು ವಚನ ಸಂಚಯ ತೆರೆದೆ. 20,000ಕ್ಕೂ ಹೆಚ್ಚು ವಚನಗಳನ್ನು ಹುಡುಕಿ ಓದಬಹುದಾದ ತಾಣ. ಕಲಿದೇವರದೇವ ಎಂಬ ಅಂಕಿತ ಹೊಡೆದರೆ ಮಾಚಯ್ಯನ ವಚನಗಳು ಸಾಲಾಗಿ ನಿಂತವು, ಒತ್ತಕ್ಷರಗಳೆಲ್ಲ ತಮ್ಮ ತಮ್ಮ ಅಕ್ಷರದ ಕೆಳಗೆ. ಹಳೆಯ ಲಿನಕ್ಸ್ ಬ್ರೌಸರುಗಳಲ್ಲಿ ಬಸವಣ್ಣ ‘ಬಸವಣ್‌ಣ’ ಆಗಿರುತ್ತಿದ್ದ, ನಮ್ಮೂರು ‘ಹಿಪ್‌ಪರಗಿ’ ಆಗಿ ಎರಡು ಹೋಳಾಗಿರುತ್ತಿತ್ತು. 2008ರ ಜೂನ್ 17ಕ್ಕೆ ಫೈರ್‌ಫಾಕ್ಸ್ 3 ಬಂತು. ಆ ಒಂದೇ ದಿನ 80 ಲಕ್ಷಕ್ಕೂ ಮಿಕ್ಕ ಜನ ಇಳಿಸಿಕೊಂಡು ಗಿನ್ನೆಸ್ ದಾಖಲೆಯಾಯಿತು. ಜಗತ್ತಿಗೆ ಆ ದಾಖಲೆ ದೊಡ್ಡದು. ನಮಗೆ ದೊಡ್ಡದೆಂದರೆ, ಆ ಹೊತ್ತಿಗೆ ಹಿಪ್ಪರಗಿ ಒಂದಾದದ್ದು.

ಜಾಹೀರಾತು ತಡೆಯಲು ಯೂಬ್ಲಾಕ್ ಆರಿಜಿನ್ ಹಾಕಿದೆವು. ಗುಣ ಕೂಡಲೇ ಕಂಡಿತು. ಪೇಪರಿನ ಪುಟ ಒತ್ತಿದೊಡನೆ ತೆರೆಯಿತು, ನಡುವೆ ಜಿಗಿಯುವ ಚೌಕಗಳೆಲ್ಲ ಮಾಯ. ದೂರು ಬಂದದ್ದು ಮನೆಯಿಂದಲೇ. “ಇಲ್ಲಿ ಬಂಗಾರದ ಅಂಗಡಿ ಬರ್ತಿತ್ತಲ್ರಿ, ಪಾಟ್ಲಿ ಡಿಜೈನ್ ನೋಡ್ತಿದ್ದೆ, ಎಲ್ಲಿ ಹೋತು?” ಪಾಟ್ಲಿ ನೋಡದಂತೆ ನಾನೇ ಮಾಡಿಸಿದೆನೆಂಬ ಗುಮಾನಿ ಅವಳಿಗೆ. ಆ ಒಂದು ತಾಣಕ್ಕೆ ಯೂಬ್ಲಾಕನ್ನು ಬಂದ್ ಮಾಡಿಸಿದ ಮೇಲೆಯೇ ಕಡಲೆಕಾಯಿ ಸುಲಿಯುವುದು ಮುಂದುವರಿದದ್ದು.

ಇನ್ನು ನನ್ನ ನಿವೃತ್ತಿಯ ಕಾಗದಕ್ಕೆ ಸಂಬಂಧಪಟ್ಟ ಒಂದು ಕಚೇರಿಯ ಪುಟ. ಅದು ಬಾಗಿಲಲ್ಲೇ ತಡೆಯಿತು: ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬಳಸಿ. ಎಕ್ಸ್‌ಪ್ಲೋರರನ್ನು ಮೈಕ್ರೋಸಾಫ್ಟಿನವರೇ 2022ರ ಜೂನ್ 15ಕ್ಕೆ ಮಣ್ಣು ಮಾಡಿದ್ದಾರೆ. ಅಳಿಯ ನಕ್ಕು ಇನ್ನೊಂದು ಪ್ಲಗಿನ್ ಹಾಕಿಸಿದ. ನೀನು ಯಾರೆಂದು ಪುಟ ಕೇಳಿದಾಗ ಬೇರೆ ಬ್ರೌಸರಿನ ಹೆಸರು ಹೇಳುವುದು ಅದರ ಕಾಯಕ. ಶುದ್ಧ ಸುಳ್ಳು. ಮಾಚಯ್ಯನ ಊರಲ್ಲಿ ಕೂತು ಹೀಗೆ ಮಾಡಬಹುದೇ ಎಂದು ಕೇಳಿದ್ದಕ್ಕೆ ಅವನು ಹೇಳಿದ್ದು ಕೇಳಿ ಬೆರಗಾದೆ. ಜಗತ್ತಿನ ಬ್ರೌಸರುಗಳೆಲ್ಲ ಹೀಗೇ ಅಂತೆ. ನೆಟ್‌ಸ್ಕೇಪಿನ ಕಾಲದಲ್ಲಿ ಅದು ತನ್ನನ್ನು ಮೊಜಿಲ್ಲಾ ಎಂದು ಕರೆದುಕೊಳ್ಳುತ್ತಿತ್ತು. ಒಳ್ಳೆಯ ಪುಟಗಳನ್ನು ತಾಣಗಳು ಮೊಜಿಲ್ಲಾಕ್ಕೆ ಮಾತ್ರ ಕೊಡುತ್ತಿದ್ದವು. ಅದಕ್ಕೆ ಎಕ್ಸ್‌ಪ್ಲೋರರ್ ತಾನೂ ಮೊಜಿಲ್ಲಾ ಎಂದು ಹೇಳಿಕೊಂಡು ಬಂತು. ಮುಂದೆ ಸಫಾರಿ, ಅದರ ಹಿಂದೆ ಕ್ರೋಮ್. ಇಂದಿಗೂ ಕ್ರೋಮನ್ನು ಯಾರೆಂದು ಕೇಳಿದರೆ ಮೊಜಿಲ್ಲಾ 5.0 ಅಂತಲೇ ಮಾತು ತೆಗೆದು, ನಡುವೆ ಗೆಕ್ಕೋ ಥರ ಎಂದು ಸೇರಿಸಿ, ಕೊನೆಗೆ ಸಫಾರಿಯ ಹೆಸರನ್ನೂ ಹೇಳಿ ಸುಮ್ಮನಾಗುತ್ತದೆ. ನಾಲ್ಕು ಮನೆತನದ ಅಡ್ಡಹೆಸರು ಒಬ್ಬನಿಗೇ. ಕೀಲಿಗೆ 40 ಅಕ್ಷರದ ಬೆರಳಚ್ಚು ತಾಳೆ ನೋಡಿದವರು ಇಲ್ಲಿ ಬಾಯಿಮಾತು ನಂಬುತ್ತಾರೆ. ಕಚೇರಿಯ ಪುಟವೂ ನಂಬಿತು, ಬಾಗಿಲು ತೆರೆಯಿತು.

ಕೊನೆಗೆ ಉಳಿದದ್ದು ಪರೀಕ್ಷೆ. ಸಿಪ್ಪೆಯ ಮೊರ ಬದಿಗಿಟ್ಟು ಹೆಂಡತಿ ಕನ್ನಡಕ ಹಾಕಿಕೊಂಡು ಬಂದು ಕೂತಳು. ಭೂಮಿಯ ಪುಟ ತೆರೆದು ಜಿಲ್ಲೆ ಆರಿಸಿದೆ, ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರು, ಹಿಸ್ಸಾ. ಉಸಿರು ಬಿಗಿಹಿಡಿಯುವಷ್ಟು ಹೊತ್ತೂ ಆಗಲಿಲ್ಲ. ಲಿನಕ್ಸಿನಲ್ಲಿ, ಮೊಜಿಲ್ಲಾದ ಅಸಲಿ ಫೈರ್‌ಫಾಕ್ಸಿನಲ್ಲಿ, ಯಾವ ಪ್ಲಗಿನ್ನಿನ ಹಂಗೂ ಇಲ್ಲದೆ ಉತಾರ ಬಂದು ನಿಂತಿತು. ನಾನು ಗೆದ್ದವನಂತೆ ಅವಳ ಮುಖ ನೋಡಿದೆ. ಅವಳು ಪರದೆ ನೋಡುತ್ತಿದ್ದಳು.

“ಇನ್ನೂ ಮಾವನವರ ಹೆಸರೇ ಐತಲ್ರಿ ಇದರಾಗ! ಅವರು ತೀರಿಕೊಂಡು ಎಷ್ಟ ವರ್ಷಾತು, ವಾರಸಾ ಹಚ್ಚೇ ಇಲ್ಲೇನು ನೀವು?”

“ಹಚ್ಚಿಸಬೇಕು” ಅಂದೆ.

“ಹಚ್ಚಿಸಬೇಕಂತ! ನಾಳೇನ ತಲಾಟಿ ಕಡೆ ಹೋಗ್ರಿ. ಇರೋ ನಾಕೆಕರೆ ಒಬ್ಬ ಮಗನ ಹೆಸರಿಗೆ ಮಾಡೂದಕ್ಕ ಏನಂತ ತ್ರಾಸು?”

ತಂಬಿಗೆಯ ಕಡೆಯಿಂದ ಕೆಮ್ಮಿದ ಸದ್ದು ಬಂತು. “ಮಾಮಾ, ಅದಕ್ಕ ನಮ್ಮವ್ವನ ಸಹಿನೂ ಬೇಕಾಗ್ತೈತಿ ನೋಡ್ರಿ.”

ಹೆಂಡತಿ ನನ್ನ ಕಡೆ ತಿರುಗಿ ದನಿ ತಗ್ಗಿಸಿ ಕೇಳಿದಳು, “ಇದು ಇಷ್ಟೊತ್ತೂ ಚಾಲೂನ ಇತ್ತೇನ್ರಿ?”